ಮ್ಯಾಂಚೆಸ್ಟರ್ ಸೂತಕ

ಭಾನುವಾರ ಬೆಳಿಗ್ಗೆ ಸೀನನು ಕಾಫಿಯನ್ನೂ ಮುಟ್ಟದೆ ತಲೆ ತಗ್ಗಿಸಿ ಕುಳಿತಿದ್ದುದನ್ನು ಕಂಡು ರಾಯರು ಗಾಬರಿಗೊಂಡು, "ಊರಿನಲ್ಲಿ ಎಲ್ಲರೂ ಕ್ಷೇಮವಷ್ಟೆ?" ಎಂದು ವಿಚಾರಿಸಿದರು.

"ನಿನ್ನೆ ರಾತ್ರಿ ಫುಟ್‌ಬಾಲ್ ಪಂದ್ಯದಲ್ಲಿ ನಾವು, ಮ್ಯಾಂಚೆಸ್ಟರ್ ಯುನೈಟೆಡ್‌ನವರು, ಸೋತೆವು ರಾಯರೇ. ಅದೂ ಓಲ್ಡ್ ಟ್ರಾಫರ್ಡ್‌ನಲ್ಲಿ, ನಮ್ಮ ಮನೆಯಂಗಳದಲ್ಲಿಯೇ!"

"ಇವನ ಮನೆಯಂಗಳ ವಿಜಯನಗರದಲ್ಲಿದೆ, ಅಲ್ಲಿ ಸ್ಕೂಟರ್ ನಿಲ್ಲಿಸುವುದಕ್ಕೂ ಜಾಗವಿಲ್ಲ" ಎಂದರು ಮೇಷ್ಟ್ರು. "ಇರಲಿ ಸೀನ, ಸೂತಕವನ್ನು ಹತ್ತು ದಿನ ಹಿಡಿಯುತ್ತೀಯೋ, ಸಮುದ್ರದಾಚೆಯ ಸಾವೆಂದು ಒಂದು ಸ್ನಾನಕ್ಕೇ ಮುಗಿಸುತ್ತೀಯೋ?"

"ಅಷ್ಟು ಬೇಗ ಕಳೆಯುವ ಸೂತಕವಲ್ಲ ಇದು" ಎಂದರು ಪದ್ಮಕ್ಕ. "ಒಂದು ಮುಗಿಯುವಷ್ಟರಲ್ಲಿ ಮುಂದಿನ ಶನಿವಾರ ಇನ್ನೊಂದು ಬರುತ್ತದೆ."

ಮೇಷ್ಟ್ರು ಕನ್ನಡಕವನ್ನು ಒರೆಸಿಕೊಂಡರು. "2014ರ ಏಪ್ರಿಲ್‌ನಲ್ಲಿಯೂ ನೀನು ಹೀಗೆಯೇ ಕುಳಿತಿದ್ದೆ. 20ನೆಯ ತಾರೀಖು ನಿನ್ನ ಯುನೈಟೆಡ್ ಎವರ್ಟನ್ ಎದುರು ಸೋತಿತು, 22ರಂದು ಕೋಚ್ ಡೇವಿಡ್ ಮೋಯ್ಸ್ ಅವರನ್ನು ಮನೆಗೆ ಕಳುಹಿಸಿದರು. ನಡುವಿನ 21ರಂದು ಏನಾಯಿತು, ಹೇಳು ನೋಡೋಣ."

ಸೀನ ಬಹಳ ಹೊತ್ತು ಯೋಚಿಸಿ, "ಸೋಮವಾರ" ಎಂದ.

"ಸೋಮವಾರವೇ. ಅಂದು ಮಡಗಾಂವ್‌ನ ಫತೋರ್ಡಾ ಮೈದಾನದಲ್ಲಿ ಬೆಂಗಳೂರು ಎಫ್‌ಸಿ, ಹಲವು ಸಲ ದೇಶದ ಚಾಂಪಿಯನ್ ಆಗಿದ್ದ ಡೆಂಪೊ ತಂಡವನ್ನು ಅದರ ಊರಿನಲ್ಲಿಯೇ 4-2ರಿಂದ ಸೋಲಿಸಿ ಐ-ಲೀಗ್ ಗೆದ್ದಿತು. ಒಂದು ವರ್ಷವೂ ತುಂಬಿರದ ಕ್ಲಬ್, ಆಡಿದ ಮೊದಲನೆಯ ಲೀಗಿನಲ್ಲಿಯೇ ದೇಶದ ಚಾಂಪಿಯನ್. ಸ್ವಂತ ಮನೆಯಲ್ಲಿ ಮಗು ಹುಟ್ಟಿ ಪುರುಡು ಆಚರಿಸಬೇಕಾದ ದಿನ ನೀನು ಗೋತ್ರವೇ ಕೂಡದವರ ಸೂತಕ ಹಿಡಿದುಕೊಂಡಿದ್ದೆ."

"ಒಂದೇ ಸಲ ಎರಡೂ ಬಂದರೆ ಯಾವುದನ್ನು ಮೊದಲು ಕಳೆಯಬೇಕು ಎನ್ನುವುದಕ್ಕೆ ಶಾಸ್ತ್ರದಲ್ಲಿ..." ಎಂದು ರಾಯರು ಆರಂಭಿಸಿದ್ದನ್ನು ಪದ್ಮಕ್ಕ ಕೈಸನ್ನೆಯಿಂದಲೇ ನಿಲ್ಲಿಸಿದರು.

ಸೀನ ಸುಲಭವಾಗಿ ಸೋಲೊಪ್ಪುವವನಲ್ಲ. "ಆಟದ ಗುಣಮಟ್ಟವನ್ನೂ ನೋಡಬೇಕಲ್ಲವೇ ಮೇಷ್ಟ್ರೇ? ಮೇಲಾಗಿ ನಮ್ಮ ಲೀಗಿನವರು ಕೆಲಸದ ದಿನ, ಮಧ್ಯಾಹ್ನದ ಬಿಸಿಲಿನಲ್ಲಿ ಪಂದ್ಯ ಆಡಿಸಿದರೆ ಯಾರು ಹೋಗುತ್ತಾರೆ?"

"ರಾತ್ರಿ ಒಂದೂವರೆಗೆ ಅಲಾರಂ ಇಟ್ಟುಕೊಂಡು ಏಳುವವನಿಗೆ ಮಧ್ಯಾಹ್ನದ ಹೊತ್ತು ಎಚ್ಚರವಾಗಿರುವುದು ಕಷ್ಟವೇ, ಒಪ್ಪಿದೆ. ಆದರೆ ಬೆಂಗಳೂರು ತಂಡ ಆಡುತ್ತಿದ್ದ ಅಶೋಕನಗರದ ಆ ಸಣ್ಣ ಕ್ರೀಡಾಂಗಣಕ್ಕೆ ಹೋದವರೂ ಇದ್ದರು. 2013ರ ಸೆಪ್ಟೆಂಬರ್‌ನಲ್ಲಿ ಮೋಹನ್ ಬಗಾನ್ ಎದುರಿನ ಮೊದಲ ಪಂದ್ಯ 1-1ರಲ್ಲಿ ಮುಗಿದಾಗಲೇ ವೆಸ್ಟ್ ಬ್ಲಾಕಿನಲ್ಲಿ ಕೂಗುತ್ತಿದ್ದ ಅಭಿಮಾನಿ ಹುಡುಗರ ಗಂಟಲು ಕಟ್ಟಿಹೋಗಿತ್ತು. ಸುನಿಲ್ ಛೆಟ್ರಿ ಆ ಲೀಗಿನಲ್ಲಿ 14 ಗೋಲು ಹೊಡೆದರು, ತಂಡ 24 ಪಂದ್ಯಗಳಿಂದ 47 ಅಂಕ ಗಳಿಸಿತು, 43 ಅಂಕದ ಈಸ್ಟ್ ಬೆಂಗಾಲ್ ಎರಡನೆಯ ಸ್ಥಾನದಲ್ಲಿ ಉಳಿಯಿತು. ನಿನ್ನವರು ಆ ವರ್ಷ ಎಷ್ಟನೆಯವರು?"

"ಏಳನೆಯವರು" ಎಂದು ಸೀನ ತನ್ನ ಅಂಗಿಯ ಗುಂಡಿಗೆ ಹೇಳಿಕೊಂಡ.

ರಾಯರಿಗೆ ಹಳೆಯದೆಲ್ಲ ನೆನಪಾಯಿತು. ಮೈಸೂರು ರಾಜ್ಯವು ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದುದನ್ನು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುಪಾಲು ಬರಿಗಾಲಿನಲ್ಲಿಯೇ ಆಡಿದ ಭಾರತ ತಂಡಕ್ಕೆ ಫ್ರಾನ್ಸ್ ಎದುರಿನ ಒಂದೇ ಗೋಲನ್ನು ತಂದುಕೊಟ್ಟವರು ರಾಮನ್ ಎನ್ನುವುದನ್ನು ಅವರು ನಿಧಾನವಾಗಿ ಹೇಳಿ ಮುಗಿಸಿದರು. "ಲಂಡನ್ನಿನವರು ನಮ್ಮ ಆಟ ನೋಡಲು ಟಿಕೆಟ್ ಕೊಂಡ ಕಾಲವೂ ಇತ್ತಪ್ಪ."

"ಹಾಗಾದರೆ ಇಂಗ್ಲೆಂಡಿನ ಸಂಬಂಧವೇ ಬೇಡವೆನ್ನುತ್ತೀರಾ?" ಎಂದು ಸೀನ ಸಿಡುಕಿದ.

"ಬೇಡವೆಂದವರು ಯಾರು?" ಎಂದರು ಮೇಷ್ಟ್ರು. "ಬೆಂಗಳೂರಿಗೆ ಆ ಲೀಗ್ ಗೆದ್ದುಕೊಟ್ಟ ಕೋಚ್ ಆಶ್ಲಿ ವೆಸ್ಟ್‌ವುಡ್ ಎಲ್ಲಿ ಬೆಳೆದವರು ಗೊತ್ತೇ? ನಿನ್ನ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ. ಗೋತ್ರ ಕೂಡಿಸಿಕೊಡಬಲ್ಲ ಮನುಷ್ಯ ನಿನ್ನ ಮನೆಯಿಂದ ಮೂರು ಬಸ್ ನಿಲ್ದಾಣದಾಚೆ ನಿಂತು ಕೂಗಾಡುತ್ತಿದ್ದರು. ನೀನು ಅದೇ ಹೊತ್ತಿಗೆ ಮೋಯ್ಸ್ ಮುಂದಿನ ಪಂದ್ಯದಲ್ಲಿ ಯಾರನ್ನು ಆಡಿಸಬೇಕೆಂದು ಫೇಸ್‌ಬುಕ್ಕಿನಲ್ಲಿ ಸಲಹೆ ಬರೆಯುತ್ತಿದ್ದೆ."

"ವಿಜಯನಗರದಿಂದ ಅಶೋಕನಗರಕ್ಕೆ ಮೂರು ನಿಲ್ದಾಣವೇ?" ಎಂದು ಪದ್ಮಕ್ಕ ಆಕ್ಷೇಪಿಸಿದರು.

"ಮ್ಯಾಂಚೆಸ್ಟರ್‌ನ ಲೆಕ್ಕದಲ್ಲಿ ಹೇಳಿದೆ ತಾಯಿ."

ಸೀನನಿಗೆ ಈಗ ನಿಜವಾದ ಕುತೂಹಲ ಹುಟ್ಟಿತ್ತು. "ಆ ಲೀಗಿನ ಉಳಿದ ತಂಡಗಳು ಏನಾದವು?"

ಮೇಷ್ಟ್ರ ದನಿ ಸ್ವಲ್ಪ ಇಳಿಯಿತು. ಅದರ ಹಿಂದಿನ ಸಲದ ಚಾಂಪಿಯನ್ ಆಗಿದ್ದ ಚರ್ಚಿಲ್ ಬ್ರದರ್ಸ್ ಮುಂದಿನ ಲೀಗಿನಲ್ಲಿ ಇರಲೇ ಇಲ್ಲವೆಂದೂ, ಡೆಂಪೊ ಮತ್ತು ಸಾಲ್ಗಾಂವ್‌ಕರ್ 2016ರಲ್ಲಿ ಹಿಂದೆ ಸರಿದವೆಂದೂ, ಬೆಂಗಳೂರು 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಹೊರಟುಹೋಯಿತೆಂದೂ, 2019ರ ಹೊತ್ತಿಗೆ ಐ-ಲೀಗ್ ದೇಶದ ಮೊದಲನೆಯ ದರ್ಜೆಯ ಲೀಗ್ ಎನ್ನುವ ಪಟ್ಟವನ್ನೇ ಕಳೆದುಕೊಂಡಿತೆಂದೂ ಅವರು ಹೇಳಿದರು. ಡೆಂಪೊ ಹೆಸರು ಬಂದಾಗ ರಾಯರು ಎರಡು ಸಲ "ಅಯ್ಯೋ" ಎಂದರು.

"ಅಷ್ಟು ದೊಡ್ಡ ಸಾವಾದರೂ ಯಾರೂ ಅಳಲಿಲ್ಲವೇ?" ಎಂದಳು ಪದ್ಮಕ್ಕನ ಮೊಮ್ಮಗಳು, ಇಷ್ಟು ಹೊತ್ತು ಸುಮ್ಮನಿದ್ದವಳು.

"ಯಾರು ಅಳಬೇಕು ಮಗು?" ಎಂದರು ಮೇಷ್ಟ್ರು. "ದಾಯಾದಿಗಳೆಲ್ಲ ಇಂಗ್ಲೆಂಡಿನ ಸಾವಿಗೆ ಹೋಗಿದ್ದರು."