ಗ್ಲ್ವಾರ್ ಮಾದರಿ ಹಡಗು: ತಿರುವಿನಲ್ಲಿ ವಾಲುತ್ತೆ, ಫಿರಂಗಿ ಕಿಂಡಿಯಿಂದ ನೀರು ನುಗ್ಗುತ್ತೆ

ಕೆರೆಯಂಚು:
ಫ್ರಾನ್ಸಿನ ಗ್ಲ್ವಾರ್ ಯುದ್ಧನೌಕೆಯ 1:100 ಆರ್‌ಸಿ (ರಿಮೋಟಿನಿಂದ ನಡೆಯುವ) ಮಾದರಿ ಮಾಡಿದ್ದೇನೆ. ಉದ್ದ 78 ಸೆಂ.ಮೀ., ಅಗಲ 17. ನೆಟ್ಟಗೆ ಹೋಗುವಾಗ ಏನೂ ತೊಂದರೆ ಇಲ್ಲ. ರಡ್ಡರ್ (ಚುಕ್ಕಾಣಿ) ತಿರುಗಿಸಿದರೆ ಒಂದು ಪಕ್ಕಕ್ಕೆ ವಾಲಿ, ನಿಧಾನಕ್ಕೆ ಏಳುತ್ತದೆ. ಅಷ್ಟರಲ್ಲಿ ಕಿಂಡಿಗಳಿಂದ ನೀರು ನುಗ್ಗಿ ಸರ್ವೋ (ಚುಕ್ಕಾಣಿ ತಿರುಗಿಸುವ ಪುಟ್ಟ ಮೋಟರ್) ಒದ್ದೆ. ಪಕ್ಕಗಳಿಗೆ 1 ಮಿ.ಮೀ. ಹಿತ್ತಾಳೆ ತಗಡು ಹೊದಿಸಿದ್ದೇನೆ. ಮೂರು ಕಂಬಕ್ಕೂ ಪೂರ್ತಿ ಹಾಯಿ ಇದೆ. ಅಸಲಿ ಹಡಗೂ ಸಿಕ್ಕಾಪಟ್ಟೆ ಹೊಯ್ದಾಡುತ್ತಿತ್ತಂತೆ. ಹಾಗಾದರೆ ಇದು ಡಿಸೈನಿನ ದೋಷವೇ ಅಲ್ವಾ?

ಹಿತ್ತಾಳೆಮೊಳೆ:
ನೀರು ಬರೋದು ಡಿಸೈನಿನಿಂದ. ವಾಲೋದು ನಿಮ್ಮ ತಗಡಿನಿಂದ.

1859ರಲ್ಲಿ ಟೂಲೋನ್‌ನಲ್ಲಿ ನೀರಿಗಿಳಿದ ಈ ಹಡಗಿನ ಮೈ ಮರದ್ದು. ಅದರ ಮೇಲೆ 120 ಮಿ.ಮೀ. ದಪ್ಪದ ಕಬ್ಬಿಣದ ಫಲಕ. ಅಷ್ಟು ಭಾರ ಹೊರಿಸಬೇಕಿದ್ದರಿಂದ ವಿನ್ಯಾಸಕಾರ ದ್ಯುಪ್ವಿ ದ ಲೋಮ್ ಫಿರಂಗಿಗಳಿಗೆ ಒಂದೇ ಅಂತಸ್ತು ಇಟ್ಟ. 36ರಲ್ಲಿ 34 ಅಲ್ಲೇ. ಕಿಂಡಿಗಳು ನೀರಿನಿಂದ ಬರೀ 1.9 ಮೀಟರ್ ಮೇಲೆ. ನಿಮ್ಮದರಲ್ಲಿ 1.9 ಸೆಂ.ಮೀ., ಅಂದರೆ ಸುಮಾರು 13 ಡಿಗ್ರಿ ವಾಲಿದರೆ ಕಿಂಡಿ ಮುಳುಗುತ್ತದೆ. ಪಕ್ಕದಲ್ಲಿ ಬಾತುಕೋಳಿ ಈಜಿದರೂ ನೀರು ಬರುತ್ತೆ ಬಿಡಿ.

ಆದರೆ ಅಸಲಿ ಹಡಗಿನ ಮೆಟಾಸೆಂಟ್ರಿಕ್ ಎತ್ತರ (ವಾಲಿದ ಹಡಗು ಎಷ್ಟು ಜೋರಾಗಿ ನೆಟ್ಟಗಾಗುತ್ತದೆ ಅನ್ನೋದರ ಅಳತೆ) ಸುಮಾರು 2.1 ಮೀಟರ್. ಅದು ಜಾಸ್ತಿಯೇ. ಅಂಥ ಹಡಗು ವಾಲಿದ ತಕ್ಷಣ ಚಿಮ್ಮಿ ಏಳುತ್ತದೆ, ಹೊಯ್ದಾಟ ಬೇಗ ಬೇಗ ಆಗುತ್ತದೆ. ನಿಮ್ಮದು ನಿಧಾನಕ್ಕೆ ಏಳುತ್ತಿದೆ ಅಂದರೆ ಕಾಯಿಲೆ ತದ್ವಿರುದ್ಧ. ಮೇಲ್ಭಾಗ ಭಾರ.

ಟಬ್ಬಿನಲ್ಲಿ ಇಟ್ಟು ಒಂದು ಪಕ್ಕ ಒತ್ತಿ ಬಿಡಿ. ಆಚೆ ಹೊರಳಿ ಮತ್ತೆ ಈಚೆ ಬರಲು ಹೆಚ್ಚುಕಡಿಮೆ 1 ಸೆಕೆಂಡ್ ಆಗಬೇಕು. ತೂಕವನ್ನೂ ನೋಡಿ. ಅಸಲಿ 5,630 ಟನ್, ಹತ್ತು ಲಕ್ಷದಿಂದ (100×100×100) ಭಾಗಿಸಿದರೆ 5.6 ಕೆ.ಜಿ.

ಕೆರೆಯಂಚು:
2 ಸೆಕೆಂಡಿಗಿಂತ ಜಾಸ್ತಿ ಬಂತು! ತೂಕ 5.2. ಆದರೆ ಸ್ಕೇಲ್ ಪ್ರಕಾರ ತಗಡು 1.2 ಮಿ.ಮೀ. ಇರಬೇಕಿತ್ತು, ನಾನು ಹಾಕಿದ್ದು ಅದಕ್ಕಿಂತ ತೆಳು. ಆದರೂ ಭಾರವಾ?

ಹಿತ್ತಾಳೆಮೊಳೆ:
ಅಸಲಿಯಲ್ಲಿ ಆ ಭಾರ ತೂಗಿಸಲು ಕೆಳಗಡೆ ಬಾಯ್ಲರ್, ಎಂಜಿನ್, ಕಲ್ಲಿದ್ದಲು ಇತ್ತು. ನಿಮ್ಮಲ್ಲಿ ಒಂದು ಪುಟಾಣಿ ಮೋಟರ್. ಫಲಕ ನೀರಿನ ಕೆಳಗೆ ಇಳಿಯೋದು ಸುಮಾರು 2 ಮೀಟರ್ ಅಷ್ಟೇ, ಮಿಕ್ಕಿದ್ದೆಲ್ಲ ಮೇಲೆ. ತಗಡು ಕಿತ್ತು 0.2 ಮಿ.ಮೀ. ಪ್ಲಾಸ್ಟಿಕ್ ಶೀಟ್ ಅಂಟಿಸಿ. ಬಣ್ಣ ಹೊಡೆದ ಮೇಲೆ ಯಾರಿಗೂ ಗೊತ್ತಾಗಲ್ಲ. ಬ್ಯಾಟರಿ ತಳಕ್ಕೆ ಇಳಿಸಿ. 5.6 ಆಗುವಷ್ಟು ಸೀಸದ ಗುಂಡನ್ನು ಕೀಲ್ (ತಳದ ನಡುಪಟ್ಟಿ) ಉದ್ದಕ್ಕೂ ಎಪಾಕ್ಸಿ ಅಂಟು ಹಾಕಿ ಕೂರಿಸಿ.

ಹಾಯಿಬಟ್ಟೆ:
ಹಾಯಿಯನ್ನೂ ಬಿಡಬೇಡಿ. ಮೊದಲು ಈ ಹಡಗಿಗೆ ಇದ್ದದ್ದು ಸುಮಾರು 1,100 ಚದರ ಮೀಟರ್ ಹಾಯಿ. ಆಮೇಲೆ 2,500ಕ್ಕೆ ಏರಿಸಿದರು, ಹೊಯ್ದಾಟ ತಡೆಯಲಾಗದೆ ಮತ್ತೆ ಇಳಿಸಿದರು. ನೀವು ಆ ಮೊದಲಿನ ರೂಪವನ್ನೇ ಮಾಡಿ. ಹಡಗನ್ನು ನೂರು ಪಟ್ಟು ಚಿಕ್ಕದು ಮಾಡಬಹುದು, ಕೆರೆಯ ಗಾಳಿಯನ್ನು ಮಾಡೋಕಾಗಲ್ಲ. ಕಿಂಡಿಗಳ ಹಿಂದೆ ಒಂದೊಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಕೂರಿಸಿ ಸುತ್ತ ಸಿಲಿಕೋನ್ ಬಳಿಯಿರಿ. ನಳಿಗೆ ಹೊರಗೆ ಕಾಣುತ್ತೆ, ನೀರು ಡಬ್ಬಿಯಲ್ಲೇ ನಿಲ್ಲುತ್ತೆ.

ಕೆರೆಯಂಚು:
ತಗಡು ಎಪಾಕ್ಸಿಯಲ್ಲಿ ಅಂಟಿಸಿದ್ದು, ಹಲ್ (ಹಡಗಿನ ಮೈ) ಫೈಬರ್‌ಗ್ಲಾಸ್. ಹಾಳಾಗದೆ ಕೀಳೋದು ಹೇಗೆ?

ಹಿತ್ತಾಳೆಮೊಳೆ:
ಹೇರ್ ಡ್ರೈಯರ್‌ನಿಂದ ತಗಡನ್ನು ಬಿಸಿ ಮಾಡಿ, ಅಂಚಿನಿಂದ ತೆಳು ಪಟ್ಟಿ ತೂರಿಸುತ್ತಾ ಹೋಗಿ. ಒಂದೊಂದೇ ತುಂಡು. ಒಂದೇ ಕಡೆ ಜಾಸ್ತಿ ಹೊತ್ತು ಬಿಸಿ ಹಿಡಿಯಬೇಡಿ, ಹಲ್ ಮೆತ್ತಗಾಗಿ ಸೊಟ್ಟ ಆಗುತ್ತೆ.