ಪಡುವಲದ ಮಿಡಿ ಉದುರುತ್ತಿದೆ, ಅಂಗಳದ ಹುಳಗಳೆಲ್ಲ ಎಲ್ಲಿ ಹೋದವು?

ನಮಸ್ಕಾರ. ಉಡುಪಿ ಜಿಲ್ಲೆಯ ಶಿರ್ವದ ಹತ್ತಿರ ಅಮ್ಮನ ಮನೆಯ ಹಿತ್ತಿಲಲ್ಲಿ ಕಳೆದ ವರ್ಷದಿಂದ ತರಕಾರಿ ಮಾಡುತ್ತಿದ್ದೇನೆ. ಅಲಸಂದೆ, ಬೆಂಡೆ ಬೇಕಾದಷ್ಟು ಬರುತ್ತದೆ. ಪಡುವಲ, ಹೀರೆ, ಸೌತೆ ಮಾತ್ರ ಬಳ್ಳಿ ತುಂಬ ಹೂ ಬಿಟ್ಟರೂ ಮಿಡಿ ಹಳದಿಯಾಗಿ ಉದುರುತ್ತದೆ. ನಾನು ಯಾವ ಮದ್ದೂ ಹಾಕಿಲ್ಲ. ಇದಕ್ಕಿಂತ ಜಾಸ್ತಿ ಬೇಸರ ಆಗಿರುವುದು ಬೇರೆ ವಿಷಯಕ್ಕೆ. ನಾವು ಚಿಕ್ಕವರಿದ್ದಾಗ ಇದೇ ಚಾವಡಿಯಲ್ಲಿ ಮಳೆಗಾಲದ ಮೊದಲ ವಾರ ದೀಪ ಆರಿಸಿಯೇ ಊಟ ಮಾಡಬೇಕಿತ್ತು, ಅಷ್ಟು ಹುಳ. ಈಗ ಲೈಟಿನ ಕೆಳಗೆ ನಾಲ್ಕು ಸೊಳ್ಳೆ ಬಿಟ್ಟರೆ ಏನೂ ಇಲ್ಲ. ಮಾವ ಮೊಬೈಲ್ ಟವರ್ ಅಂತಾರೆ. ಕೆಲಸಕ್ಕೆ ಬರುವ ಅಕ್ಕ ಹುಲ್ಲು ಸಾಯಿಸುವ ಮದ್ದು ಅಂತಾರೆ. ಅಜ್ಜಿ ಕಾಲವೇ ಕೆಟ್ಟಿತು ಅಂತಾರೆ. ನಿಮ್ಮ ಊರಲ್ಲಿ ಏನು ಕಂಡಿದ್ದೀರಿ? ನನ್ನ ಮಟ್ಟಿಗೆ ಏನು ಮಾಡಬಹುದು? ಜೇನುಪೆಟ್ಟಿಗೆ ತಂದಿಡಲಾ?

ಕಾರ್ಕಳದಿಂದ, ತರಕಾರಿ ಬೆಳೆಯುವವರು:

ಅಕ್ಕ, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಉಂಟು. ಅಲಸಂದೆ, ಬೆಂಡೆ ತಮ್ಮದೇ ಹೂವಿನ ಪರಾಗದಲ್ಲಿ ಕಾಯಿ ಕಟ್ಟುತ್ತವೆ. ಹುಳ ಬಾರದಿದ್ದರೂ ನಡೆಯುತ್ತದೆ. ಬಳ್ಳಿ ತರಕಾರಿಗೆ ಹಾಗಲ್ಲ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ನಡುವೆ ಯಾರಾದರೂ ಓಡಾಡಲೇಬೇಕು.

ಮೊದಲು ಉದುರಿದ ಮಿಡಿಯನ್ನು ಕೈಯಲ್ಲಿ ಹಿಡಿದು ನೋಡಿ. ಮೈಮೇಲೆ ಚುಚ್ಚಿದ ಗುರುತು, ಅಲ್ಲಿಂದ ಅಂಟು ಇಳಿದಿದ್ದರೆ ಅದು ಹಣ್ಣುನೊಣದ ಕೆಲಸ. ಸೀಳಿದರೆ ಒಳಗೆ ಬಿಳಿ ಹುಳ ಕಾಣಬಹುದು. ಅದಕ್ಕೆ ಗಂಡು ನೊಣವನ್ನು ವಾಸನೆಯಲ್ಲಿ ಸೆಳೆಯುವ ಕ್ಯೂ ಲ್ಯೂರ್ ಬಲೆ ಕಟ್ಟಿ, ಉದುರಿದ್ದನ್ನು ಆಳವಾಗಿ ಹೂತುಬಿಡಿ. ಗುರುತೇ ಇಲ್ಲದೆ ಸುಮ್ನೆ ಹಳದಿಯಾಗಿ ಸುಕ್ಕಿದ್ದರೆ ಪರಾಗ ಮುಟ್ಟಿಲ್ಲ ಅಂತ ಲೆಕ್ಕ.

ಇನ್ನೊಂದು ಮುಖ್ಯ ವಿಷಯ. ಸೌತೆ, ಕುಂಬಳ, ಹಾಗಲದ ಹೂ ಬೆಳಿಗ್ಗೆ ಅರಳುತ್ತದೆ. ಹೀರೆ ಸಂಜೆ. ಪಡುವಲ, ಸೋರೆ ಕತ್ತಲು ಕವಿಯುವಾಗ. ಪಡುವಲದ ಹೂ ಹತ್ತಿರದಿಂದ ನೋಡಿ, ಬಿಳಿ ಎಸಳು, ಅಂಚಿಗೆಲ್ಲ ನೂಲಿನ ಜಾಲರಿ, ಸಣ್ಣಗೆ ಪರಿಮಳ. ಅದು ರಾತ್ರಿ ಹಾರುವ ಪತಂಗವನ್ನು ಕರೆಯುವ ಹೂ. ಜೇನುಪೆಟ್ಟಿಗೆ ಇಟ್ಟರೆ ಸೌತೆಗೆ ಲಾಭ ಆದೀತು, ಪಡುವಲಕ್ಕೆ ಅಷ್ಟು ಆಗದು.

ಈ ವರ್ಷದ ಮಟ್ಟಿಗೆ ಕೈಯಲ್ಲೇ ಮಾಡಿ. ಗಂಡು ಹೂ ಕಿತ್ತು, ಎಸಳು ತೆಗೆದು, ನಡುವಿನ ಕೇಸರವನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲ ಒರೆಸಿ. ಬುಡದಲ್ಲಿ ಪುಟ್ಟ ಮಿಡಿ ಇರುವುದೇ ಹೆಣ್ಣು ಹೂ. ಪಡುವಲಕ್ಕೆ ರಾತ್ರಿ ಊಟಕ್ಕೆ ಮುಂಚೆ, ಸೌತೆಗೆ ಬೆಳಿಗ್ಗೆ ಬಿಸಿಲೇರುವ ಮೊದಲು. ಅಂದ ಹಾಗೆ, ಅಂಗಳದಲ್ಲಿ ರಾತ್ರಿಯಿಡೀ ಉರಿಯುವ ಲೈಟ್ ಉಂಟಾ?

ಮೂಡುಬಿದಿರೆಯಿಂದ:

ನಾನು ನಿಮ್ಮ ಮಾವನ ಪಕ್ಷ. ನಮ್ಮ ಗುಡ್ಡೆಯ ಮೇಲೆ ಟವರ್ ನಿಂತ ಸ್ವಲ್ಪ ವರ್ಷಕ್ಕೇ ಮಾಡಿನ ಗುಬ್ಬಿ ಹೋಯಿತು, ಗೋಡೆಯ ಮುಜಂಟಿ, ಅಂದರೆ ಕುಟುಕದ ಸಣ್ಣ ಜೇನು, ಅದೂ ಹೋಯಿತು. ಒಬ್ಬರಲ್ಲ, ಊರಿಗೆ ಊರೇ ಕಣ್ಣಾರೆ ಕಂಡದ್ದು. ಓದಿದವರು ಇಲ್ಲ ಅಂದರೆ ನಾವು ಒಪ್ಪುವುದು ಹೇಗೆ ಮಾರಾಯ್ರೆ?

ಬಂಟ್ವಾಳದಿಂದ, ಜೇನು ಸಾಕುವವರು:

ಮೂಡುಬಿದಿರೆಯ ಅಣ್ಣ, ನೀವು ಕಂಡದ್ದು ಸುಳ್ಳಲ್ಲ. ನಮ್ಮ ಕಡೆಯೂ ಎಲ್ಲರೂ ಹೀಗೇ ಹೇಳುತ್ತಾರೆ. ಪೆಟ್ಟಿಗೆಯೊಳಗೇ ಮೊಬೈಲ್ ಇಟ್ಟು ನೋಡಿದ ಪ್ರಯೋಗಗಳಲ್ಲಿ ಜೇನು ಗಲಿಬಿಲಿಗೊಂಡದ್ದೂ ಉಂಟು. ಆದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ತುಡುವೆ ಜೇನಿಗೆ ದೊಡ್ಡ ಏಟು ಬಿದ್ದದ್ದು 1991-92ರಲ್ಲಿ. ಥಾಯ್ ಸ್ಯಾಕ್ ಬ್ರೂಡ್ ಅನ್ನುವ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಮರಿಹುಳ ಕೋಶದೊಳಗೇ ನೀರು ತುಂಬಿದ ಚೀಲವಾಗಿ ಸಾಯುತ್ತದೆ. ಹೊರಗೆ ತೆಗೆದರೆ ಕೈಯಲ್ಲಿ ಮೆತ್ತಗೆ ನೇತಾಡುತ್ತದೆ. ದಕ್ಷಿಣ ಕನ್ನಡದಲ್ಲಿ ಸಾಲು ಸಾಲು ಪೆಟ್ಟಿಗೆ ಖಾಲಿಯಾದವು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ಕ್ಕೆ. ಅಂದರೆ ತುಡುವೆ ಹೋದಾಗ ಟವರ್ ಇರಲೇ ಇಲ್ಲ.

ಮತ್ತೆ ಊರಿಗೆ ಊರೇ ಟವರ್ ಅನ್ನುವುದೇಕೆ? ನನಗನಿಸುವುದು ಇಷ್ಟು. ಟವರ್ ಬಂದ ವರ್ಷಗಳಲ್ಲೇ ರಬ್ಬರ್ ಬಂತು, ಜೆಸಿಬಿ ಬಂತು, ಹುಲ್ಲಿನ ಮದ್ದು ಬಂತು, ಬಿಳಿ ಎಲ್‌ಇಡಿ ಬಂತು. ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟಿದ್ದೂ ಆಗಲೇ. ಇದರಲ್ಲಿ ಎಲ್ಲರ ಕಣ್ಣಿಗೂ ದೂರದಿಂದ ಕಾಣುವುದು ಟವರ್ ಒಂದೇ. ಹಾಗಾಗಿ ಯಾವ ಹುಳ ಯಾವಾಗ ಹೋಯಿತು ಅಂತ ಒಂದೊಂದನ್ನೇ ಬೇರೆ ಬೇರೆ ಕೇಳಬೇಕು. ಎಲ್ಲಕ್ಕೂ ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ.

ಮುಜಂಟಿಯನ್ನೇ ತೆಗೆದುಕೊಳ್ಳಿ. ಅದು ಗೂಡು ಮಾಡುತ್ತಿದ್ದದ್ದು ಹಳೆಯ ಮುರಕಲ್ಲಿನ ಗೋಡೆಯ ಸಂದಿಯಲ್ಲಿ, ಮಣ್ಣಿನ ಪಾಗಾರದಲ್ಲಿ, ಪೊಟರೆಯಲ್ಲಿ. ಗೋಡೆಯಿಂದ ಹೊರಗೆ ಮೇಣದ ಸಣ್ಣ ಕೊಳವೆ ಚಾಚಿರುತ್ತದೆ, ಅದರ ಬಾಯಲ್ಲಿ ಕಾವಲಿನ ಹುಳಗಳು ಸಾಲಾಗಿ ಕೂತಿರುತ್ತವೆ. ಆ ಗೋಡೆಗೆ ಸಿಮೆಂಟ್ ಗಾರೆ ಮಾಡಿದ ದಿನ ಅದಕ್ಕೆ ಮನೆ ಇಲ್ಲ. ನಾಗಬನದಲ್ಲೂ ಅದೇ ಕಥೆ. ಮರ ಕಡಿದು, ನೆಲಕ್ಕೆ ಇಂಟರ್‌ಲಾಕ್ ಹಾಕಿ, ಸುತ್ತ ಗ್ರಾನೈಟ್ ಮಾಡಿದ್ದೇವೆ. ಹಾಗೆ ಮಾಡಿದವರಿಗೂ ಭಕ್ತಿಯೇ ಇದ್ದದ್ದು, ಅದು ನನಗೆ ಗೊತ್ತು. ಆದರೂ ಬನ ಅಂದರೆ ಮರಗಳೇ ಅಲ್ವಾ? ಪೊಟರೆ ಇರುವ ಮರ ಬೆಳೆಯಲು ಒಂದು ತಲೆಮಾರು ಸಾಲದು.

ಗೇರಿನ ಕಥೆ ಬೇರೆ. ಬೆಳ್ತಂಗಡಿ, ಪುತ್ತೂರು ಕಡೆಯ ಗೇರು ತೋಪುಗಳಿಗೆ 1980, 90ರ ದಶಕಗಳಲ್ಲಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಕೊಕ್ಕಡ, ಪಟ್ರಮೆಯ ಜನ ಅನುಭವಿಸಿದ್ದು ಎಲ್ಲರಿಗೂ ಗೊತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಆದರೆ ಗೇರಿಗೆ ಮದ್ದು ಬಿಡುವುದು ಅಲ್ಲಿಗೆ ನಿಂತಿಲ್ಲ. ಟೀ ಸೊಳ್ಳೆ ಅನ್ನುವ ರಸ ಹೀರುವ ಕೀಟ ಚಿಗುರಿಗೂ ಹೂವಿಗೂ ಬೀಳುತ್ತದೆ, ಹಾಗಾಗಿ ಹೂವಿರುವಾಗಲೇ ಮದ್ದು ಬಿಡುತ್ತಾರೆ. ಅದೇ ಹೂವಿಗೆ ಜೇನೂ ಬರುತ್ತದೆ. ಬಿಡಲೇಬೇಕಾದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಬಿಡಿ ಅಂತ ನಾನು ಪಕ್ಕದ ತೋಟದವರಲ್ಲಿ ಕೈಮುಗಿದು ಕೇಳುತ್ತೇನೆ. ಕೇಳಿದವರು ಉಂಟು, ಕೇಳದವರೂ ಉಂಟು.

ಅಡಿಕೆಗೆ ಬಿಡುವ ಬೋರ್ಡೊವನ್ನು ಕೆಲವರು ದೂರುತ್ತಾರೆ. ಅದು ಮೈಲುತುತ್ತು, ಸುಣ್ಣ. ಕೊಳೆರೋಗದ ಶಿಲೀಂಧ್ರಕ್ಕೆ ಇರುವ ಮದ್ದು. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿದ್ದಾಗಿನಿಂದ, ಅಂದರೆ ನೂರು ವರ್ಷಕ್ಕೂ ಹಿಂದಿನಿಂದ ಬಿಡುತ್ತಿದ್ದೇವೆ. ಆ ಕಾಲದ ತೋಟದಲ್ಲಿ ಹುಳ ತುಂಬಿತ್ತು. ನನಗೆ ಭಯ ಇರುವುದು ಬೇರುಹುಳಕ್ಕೆ ಬುಡಕ್ಕೆ ಹೊಯ್ಯುವ ಕ್ಲೋರೋಪೈರಿಫಾಸ್, ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕಗಳ ಬಗ್ಗೆ. ಇಮಿಡಾಕ್ಲೋಪ್ರಿಡನ್ನು ಯುರೋಪಿನವರು 2018ರಲ್ಲಿ ಹೊಲಗಳಲ್ಲಿ ನಿಷೇಧಿಸಿದ್ದು ಜೇನಿನ ಕಾರಣಕ್ಕೇ. ಇಲ್ಲಿ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುತ್ತಾರೆ.

ಬ್ರಹ್ಮಾವರದಿಂದ, ಗದ್ದೆ ಇರುವವರು:

ಜೇನಿನ ಬಗ್ಗೆ ನನಗೆ ಅಷ್ಟು ತಿಳಿಯದು. ಮಿಂಚುಹುಳದ ಬಗ್ಗೆ ಹೇಳುತ್ತೇನೆ. ಮೇ ಕೊನೆಯ ಪತ್ತನಾಜೆ ಕಳೆದು ಒಂದೆರಡು ಮಳೆ ಬಿದ್ದರೆ ನಮ್ಮ ಬೈಲಿನ ಹುಣಿಯುದ್ದಕ್ಕೂ, ಅಂದರೆ ಗದ್ದೆಯ ಬದುವಿನುದ್ದಕ್ಕೂ, ಮಿಂಚುಹುಳ ಏಳುತ್ತಿತ್ತು. ಅದರ ಮರಿ ಒದ್ದೆ ಮಣ್ಣಿನಲ್ಲಿ ಇರುತ್ತದೆ, ಬಸವನಹುಳ ತಿಂದು ಬೆಳೆಯುತ್ತದೆ. ಹಿಂದೆ ನಮ್ಮಲ್ಲಿ ಎಣೇಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ. ವರ್ಷದ ಹೆಚ್ಚು ಕಾಲ ಹುಣಿ ತಂಪಾಗಿಯೇ ಇರುತ್ತಿತ್ತು. ಈಗ ಕೊಳಕೆ ಯಾರೂ ಮಾಡುವುದಿಲ್ಲ, ಸುಗ್ಗಿಯೂ ಅಲ್ಲೊಂದು ಇಲ್ಲೊಂದು. ಕೆಲವು ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ, ಕೆಲವಕ್ಕೆ ಮಣ್ಣು ತುಂಬಿಸಿ ಅಡಿಕೆ ಹಾಕಿದ್ದಾರೆ, ಉಳಿದದ್ದು ಸೈಟ್. ಉಳಿದ ಹುಣಿಗೆ ಹುಲ್ಲಿನ ಮದ್ದು. ನೀರು ನಿಲ್ಲುವ ಗದ್ದೆ ಹೋದರೆ ಏರೋಪ್ಲೇನ್ ಚಿಟ್ಟೆಯ ಮರಿಗೂ ಜಾಗ ಇಲ್ಲ, ಅದು ಬೆಳೆಯುವುದು ನೀರಲ್ಲೇ.

ಲೈಟಿನ ಬಗ್ಗೆ ಕಾರ್ಕಳದವರು ಕೇಳಿದ್ದು ಸರಿಯಾದ ಪ್ರಶ್ನೆ. ಮಿಂಚುಹುಳದ ಗಂಡು ಹಾರುತ್ತ ಮಿನುಗುತ್ತದೆ, ಹೆಣ್ಣು ಕೆಳಗಿನಿಂದ ಉತ್ತರ ಕೊಡುತ್ತದೆ. ಬಿಳಿ ದೀಪದ ಕೆಳಗೆ ಒಂದಕ್ಕೊಂದು ಕಾಣುವುದೇ ಇಲ್ಲ. ನಮ್ಮ ರಸ್ತೆಗೆ ದೊಡ್ಡ ಎಲ್‌ಇಡಿ ಹಾಕಿದ ಮೇಲೆ ಆ ಕಂಬದ ಸುತ್ತ ಒಂದೂ ಕಾಣಲಿಲ್ಲ. ದೀಪ ಇಲ್ಲದ ತೋಡಿನ ಬದಿಯಲ್ಲಿ ಇವತ್ತಿಗೂ ಉಂಟು. ಹತ್ತಿರ ಹತ್ತಿರದ ಎರಡು ಜಾಗ, ಅದೇ ಟವರ್, ಅದೇ ಮಳೆ.

ಹಟ್ಟಿಯ ವಿಷಯವನ್ನು ಯಾರೂ ಎತ್ತುವುದಿಲ್ಲ. ಮೊದಲು ಸೆಗಣಿ ಬಿದ್ದ ಸ್ವಲ್ಪ ಹೊತ್ತಿಗೆ ಸೆಗಣಿ ಹುಳ ಬಂದು ಉಂಡೆ ಕಟ್ಟುತ್ತಿತ್ತು. ಈಗ ಗುಡ್ಡೆಯಲ್ಲಿ ಮೇಯುವ ದನವೇ ಇಲ್ಲ. ಇರುವ ದನಕ್ಕೆ ಜಂತುಹುಳಕ್ಕೆಂದು ಐವರ್‌ಮೆಕ್ಟಿನ್ ಕೊಟ್ಟರೆ ಅದು ಸೆಗಣಿಯಲ್ಲೂ ಹೋಗಿ ಸೆಗಣಿ ಹುಳದ ಮರಿಗಳನ್ನು ಕೊಲ್ಲುತ್ತದೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಜರ್ಮನಿಯಲ್ಲಿ 1989ರಿಂದ 2016ರವರೆಗೆ 63 ಸಂರಕ್ಷಿತ ಜಾಗಗಳಲ್ಲಿ ಬಲೆ ಕಟ್ಟಿ, ಹಾರುವ ಹುಳಗಳನ್ನು ತೂಗಿ ನೋಡಿದ್ದಾರೆ. ಆ 27 ವರ್ಷದಲ್ಲಿ ತೂಕ ಮುಕ್ಕಾಲು ಪಾಲಿಗಿಂತ ಜಾಸ್ತಿ ಇಳಿದಿತ್ತು. 2017ರಲ್ಲಿ ಅದು ಪ್ರಕಟವಾಯಿತು. ನಮ್ಮ ಭಾವ ಹೆಬ್ರಿ ಕಡೆ ರಾತ್ರಿ ಲಾರಿ ಓಡಿಸುತ್ತಿದ್ದವರು. ಮೊದಲೆಲ್ಲ ಎದುರಿನ ಗಾಜಿಗೆ ಹುಳ ಬಡಿದು ದಾರಿಯಲ್ಲಿ ನಿಲ್ಲಿಸಿ ಒರೆಸಬೇಕಿತ್ತಂತೆ. ಈಗ ಬೆಳಗಾದರೂ ಗಾಜು ಸ್ವಚ್ಛವಾಗಿರುತ್ತದೆ ಅಂತ ಅವರೇ ಹೇಳುತ್ತಾರೆ. ಆ ಮಾತು ಕೇಳಿದಾಗ ನನಗೆ ನಿಜಕ್ಕೂ ಹೆದರಿಕೆ ಆಯಿತು.

ಪ್ರಶ್ನೆ ಕೇಳಿದವರು, ಶಿರ್ವದಿಂದ:

ಎಲ್ಲರಿಗೂ ತುಂಬಾ ಉಪಕಾರ. ಮಿಡಿ ಸೀಳಿ ನೋಡಿದೆ, ಚುಚ್ಚಿದ ಗುರುತು ಇಲ್ಲ, ಒಳಗೆ ಹುಳವೂ ಇಲ್ಲ. ಲೈಟ್ ಉಂಟು. ಕಳ್ಳರ ಹೆದರಿಕೆಗೆ ತಮ್ಮ ಹಾಕಿಸಿದ ಫ್ಲಡ್‌ಲೈಟ್, ನೇರ ಚಪ್ಪರದ ಮೇಲೆಯೇ ಬೀಳುತ್ತದೆ. ಪೂರ್ತಿ ತೆಗೆಯಲು ಅಮ್ಮ ಒಪ್ಪುವುದಿಲ್ಲ. ಬೇಲಿಯಾಚೆಗಿನವರು ಹುಲ್ಲಿನ ಮದ್ದು ಹೊಡೆಯುತ್ತಾರೆ. ನಮಗೆ ಕಷ್ಟಕ್ಕೆ ಆಗುವ ಜನ ಅವರು. ಮನಸ್ಸು ನೋಯದ ಹಾಗೆ ಹೇಳುವುದು ಹೇಗೆ?

ಬೆಳುವಾಯಿ ಹತ್ತಿರದಿಂದ:

ಲೈಟ್ ತೆಗೆಯುವುದು ಬೇಡ ಅಕ್ಕ. ಬಾಗಿಲ ಬಳಿ ಮಾತ್ರ ಬೀಳುವ ಹಾಗೆ ಕೆಳಗೆ ತಿರುಗಿಸಿ, ಬಲ್ಬ್ ಹಳದಿ ಬಣ್ಣದ್ದು ಹಾಕಿ. ಜನ ಬಂದಾಗ ಮಾತ್ರ ಉರಿಯುವ ಸೆನ್ಸರ್ ಲೈಟ್ ಸಿಗುತ್ತದೆ. ಕಳ್ಳರಿಗೂ ಅದೇ ಒಳ್ಳೆಯದು, ಅಮ್ಮನಿಗೆ ಹಾಗೆ ಹೇಳಿ ನೋಡಿ.

ಬೇಲಿಯಾಚೆಗಿನವರು ಮದ್ದು ಹೊಡೆಯುವುದು ಹುಳದ ಮೇಲಿನ ಸಿಟ್ಟಿಗಲ್ಲ. ಹುಲ್ಲು ಹೆರೆಯಲು ಜನ ಸಿಗುವುದಿಲ್ಲ, ಸಿಕ್ಕರೂ ಸಂಬಳ ಕೊಟ್ಟು ಪೂರೈಸುವುದಿಲ್ಲ. ಹಾಗಾಗಿ ಹುಳದ ಮಾತು ತೆಗೆಯುವ ಮೊದಲು ಹುಲ್ಲು ಕೊಚ್ಚುವ ಮಿಶನ್‌ನ ಮಾತು ತೆಗೆಯಿರಿ. ನಮ್ಮ ಜಾಗಕ್ಕೆ ಮಿಶನ್‌ನವರು ಬರುವ ದಿನವೇ ನಿಮ್ಮ ಬೇಲಿ ಬದಿಯನ್ನೂ ಮಾಡಿಸುತ್ತೇವೆ ಅನ್ನಿ. ನಮ್ಮಲ್ಲಿ ಇದು ನಡೆದಿದೆ. ಗ್ಲೈಫೋಸೇಟ್ ಅನ್ನುವ ಹುಲ್ಲಿನ ಮದ್ದನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಬಳಸಬೇಕು ಅಂತ ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿತ್ತು, ಅದನ್ನೂ ಮೆಲ್ಲ ತಿಳಿಸಬಹುದು. ಕಾನೂನು ಹೇಳಿ ಹೆದರಿಸುವುದು ಮಾತ್ರ ಬೇಡ.

ಹುಲ್ಲು ಕೊಚ್ಚುವಾಗ ಬೇಲಿಯ ಉದ್ದಕ್ಕೆ ಒಂದು ಸಾಲು ಬಿಟ್ಟುಬಿಡಿ. ತುಂಬೆ, ಕೇಪುಳ, ನೆಕ್ಕರೆಯಂಥ ಹೂಗಿಡ ತಾನಾಗಿ ಬರುತ್ತದೆ. ನಮ್ಮೂರ ಚಿಟ್ಟೆ ಪಾರ್ಕ್ ನೋಡಿದ ಮೇಲೆ ನನಗೆ ತಿಳಿದದ್ದು ಇದು: ಹೂ ಇದ್ದರೆ ಸಾಲದು, ಮರಿ ತಿನ್ನುವ ಎಲೆಯೂ ಬೇಕು. ಈಶ್ವರ ಬಳ್ಳಿ ಹಚ್ಚಿದರೆ ದೊಡ್ಡ ಹಳದಿ ಕಪ್ಪು ಚಿಟ್ಟೆ ಮೊಟ್ಟೆ ಇಡಲು ಬರಬಹುದು. ಕರಿಬೇವು, ಲಿಂಬೆಯ ಎಲೆಯಲ್ಲಿ ಹಕ್ಕಿಯ ಹಿಕ್ಕೆ ಅನಿಸುವ ಮರಿಹುಳ ಕಂಡರೆ ಹೊಸಕಬೇಡಿ. ನಾಲ್ಕು ಎಲೆ ಹೋಗುತ್ತದೆ, ಅಷ್ಟೇ.

ಬಂಟ್ವಾಳದಿಂದ, ಜೇನು ಸಾಕುವವರು:

ಪೆಟ್ಟಿಗೆಯ ಬಗ್ಗೆ ಕೇಳಿದ್ದಿರಿ. ನಿಮ್ಮ ಹಿತ್ತಿಲಿಗೆ ತುಡುವೆಗಿಂತ ಮುಜಂಟಿ ಆಗುತ್ತದೆ. ಕುಟುಕುವುದಿಲ್ಲ, ದೂರ ಹೋಗುವುದಿಲ್ಲ, ಸೌತೆಯಂಥ ಹೂವಿಗೆ ಚೆನ್ನಾಗಿ ಬರುತ್ತದೆ. ತುಡುವೆಗೆ ಜುಲೈ-ಆಗಸ್ಟ್‌ನ ಆಟಿ ತಿಂಗಳ ಮಳೆಯಲ್ಲಿ ಸಕ್ಕರೆ ಪಾಕ ಕೊಟ್ಟು ಸಾಕಬೇಕು, ಇಲ್ಲದಿದ್ದರೆ ಗೂಡು ಬಿಟ್ಟು ಹಾರುತ್ತದೆ. ಯಾವುದೇ ಆದರೂ ಮಳೆಗಾಲದಲ್ಲಿ ತರಬೇಡಿ, ನವೆಂಬರ್ ಕಳೆಯಲಿ. ಊರಲ್ಲಿ ಯಾರಾದರೂ ಹಳೆಯ ಮನೆ ಕೆಡವುತ್ತಾರೆ ಅಂತ ಸುದ್ದಿ ಬಂದರೆ ಮೊದಲು ಅಲ್ಲಿಗೆ ಹೋಗಿ ಗೋಡೆ ನೋಡಿ. ಮೇಣದ ಕೊಳವೆ ಕಂಡರೆ ಜೆಸಿಬಿ ಬರುವ ಮೊದಲೇ ಗೊತ್ತಿರುವವರನ್ನು ಕರೆದು ಕುಟುಂಬವನ್ನು ಪೆಟ್ಟಿಗೆಗೆ ಹಾಕಿಸಿ. ರಾಣಿ, ಮೊಟ್ಟೆಯ ಗೊಂಚಲು ಎರಡೂ ಬರಬೇಕು. ಹಳೆಯ ಕೊಳವೆಯ ಮೇಣವನ್ನು ಪೆಟ್ಟಿಗೆಯ ಬಾಯಿಗೆ ಮೆತ್ತಿ, ಅದೇ ಜಾಗದಲ್ಲಿ ಕತ್ತಲಾಗುವ ತನಕ ಇಡಿ. ಹೊರಗೆ ಹೋದ ಹುಳಗಳು ಆ ವಾಸನೆ ಹಿಡಿದು ಒಳಗೆ ಸೇರಿದ ಮೇಲೆ ಬಾಯಿ ಮುಚ್ಚಿ ಮನೆಗೆ ತನ್ನಿ.