4ನೇ ಕ್ರಾಸಿನ ಗುಂಡಿ: ಭಾನುವಾರ ಪಾರ್ಕಿನಲ್ಲಿ ಸೇರೋಣ

ಮನೆ 31 | ಗುರುವಾರ, ಬೆಳಿಗ್ಗೆ 6:40
ರಾತ್ರಿ ಮಳೆ ನಿಂತ ಮೇಲೆ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ನೋಡಿದೆ. ಪಕ್ಕದ ಸೈಟಿನಲ್ಲಿ ಬೇಸ್‌ಮೆಂಟ್‌ಗೆ ತೋಡಿದ ಗುಂಡಿ ಈಗ ನಮ್ಮ ಕಾಂಪೌಂಡಿಗೆ ಎರಡೇ ಅಡಿ. ಮೊನ್ನೆ ನಾಲ್ಕು ಅಡಿ ಇತ್ತು, ಮಣ್ಣು ಕುಸಿದಿದೆ. ಗೋಡೆಯಲ್ಲಿ ಉಗುರು ತೂರುವಷ್ಟು ಬಿರುಕು. ಫೋಟೋ ಹಾಕಿದ್ದೇನೆ. ಅತ್ತೆಯವರನ್ನು ಹಿಂದಿನ ರೂಮಿನಿಂದ ಹಾಲ್‌ಗೆ ತಂದು ಮಲಗಿಸಿದ್ದೇವೆ. ಭಾನುವಾರ ಎಲ್ಲರೂ ಸೇರೋಣವೇ?

ಮನೆ 12 | 6:58
ಖಂಡಿತ ಬರುತ್ತೇವೆ. ರಾತ್ರಿ 11ಕ್ಕೆ ಬ್ರೇಕರ್ ಶುರು ಮಾಡುತ್ತಾರಲ್ಲ, ಅದನ್ನೂ ಸೇರಿಸಿ. ಮಗು ಬೆಚ್ಚಿ ಏಳುತ್ತದೆ.

ಮನೆ 47 | 7:15
ಟಿಪ್ಪರ್‌ನಿಂದ ಬಿದ್ದ ಕೆಸರಲ್ಲಿ ಮಗಳ ಸ್ಕೂಟರ್ ಜಾರಿತು. ಮಂಡಿ ತರಚಿದೆ ಅಷ್ಟೇ, ಪುಣ್ಯ. ಅದೂ ಇರಲಿ.

ಮನೆ 9 | 7:16
ಬೀದಿ ನಾಯಿ ವಿಷಯವೂ.

ಕಾರ್ಯದರ್ಶಿ | 7:30
ನಾಯಿ ವಿಷಯ ಮುಂದಿನ ತಿಂಗಳು ಸರ್. ಇದೊಂದೇ ಇಟ್ಟುಕೊಳ್ಳೋಣ. ಹೋದ ಸಲ ಹದಿನೇಳು ವಿಷಯ ಮಾತಾಡಿ ಕಾಫಿ ಕುಡಿದು ಎದ್ದಿದ್ದೇ ಬಂತು.

ಮನೆ 36 | 8:05
ಬೇಜಾರು ಮಾಡ್ಕೋಬೇಡಿ. ನಾವೂ ಕಟ್ಟುವಾಗ ಅಕ್ಕಪಕ್ಕದವರು ಧೂಳು, ಸದ್ದು ಸಹಿಸಿಕೊಂಡಿದ್ದರು. ಆ ಓನರ್ ಕೂಡ ಸಾಲ ಮಾಡಿಯೇ ಕಟ್ಟುತ್ತಿರಬೇಕು. ಕೆಲಸ ನಿಲ್ಲಿಸಿ ಅಂದರೆ ಬಡ್ಡಿ ಯಾರು ಕಟ್ಟುತ್ತಾರೆ?

ಮನೆ 31 | 8:11
ಅಣ್ಣಾ, ನೀವು ಕಟ್ಟುವಾಗ ಹತ್ತು ಅಡಿ ಅಗೆದಿರಲಿಲ್ಲ. ನಮ್ಮ ಗೋಡೆ ಬಿದ್ದರೆ ನಮ್ಮ ಸಾಲ ಯಾರು ತೀರಿಸುತ್ತಾರೆ?

ಮನೆ 22 | 9:20
ಮೂವತ್ತು ವರ್ಷ ಸೈಟ್ ಎಂಜಿನಿಯರ್ ಆಗಿದ್ದವನು, ಸ್ವಲ್ಪ ಉದ್ದ ಬರೆಯುತ್ತೇನೆ. ಹೋಗಿ ನೋಡಿಕೊಂಡು ಬಂದೆ.

ನಮ್ಮ ಕೆಂಪು ಮಣ್ಣು ಮೋಸದ್ದು. ಒಣಗಿದ್ದಾಗ ಚಾಕುವಲ್ಲಿ ಕೊಯ್ದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅದನ್ನು ನೋಡಿ ಮೇಸ್ತ್ರಿಗಳಿಗೆ ಧೈರ್ಯ ಜಾಸ್ತಿ. ನೆನೆದರೆ ಹೇಳದೆ ಕೇಳದೆ ಜಾರುತ್ತದೆ. ಅಗೆಯುವ ಕೆಲಸದ ಸುರಕ್ಷತೆಗೇ ಐಎಸ್ 3764 ಅಂತ ಒಂದು ಮಾನದಂಡ ಇದೆ. ತೋಡಿದ ಕಾಲುವೆ ಒಂದೂವರೆ ಮೀಟರ್‌ಗಿಂತ ಆಳವಾದರೆ ಪಕ್ಕಕ್ಕೆ ಆಧಾರ ಕೊಡಬೇಕು ಅನ್ನುತ್ತದೆ. ಇಲ್ಲಿ ಅದರ ಎರಡರಷ್ಟು ಆಳ, ಒಂದು ಹಲಗೆಯೂ ಇಲ್ಲ. ಅಗೆದ ಮಣ್ಣನ್ನೂ ಅಂಚಿಗೇ ರಾಶಿ ಹಾಕಿದ್ದಾರೆ. ಆ ಭಾರವೇ ಅಂಚನ್ನು ಒಳಗೆ ತಳ್ಳುತ್ತದೆ.

31ರವರು ಇವತ್ತೇ ಒಂದು ಕೆಲಸ ಮಾಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಮಧ್ಯದಲ್ಲಿ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಸಿಮೆಂಟ್‌ನಿಂದ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಅಲ್ಲಾಡುತ್ತಿದೆ ಅಂತ. ದಿನಾ ಒಂದೇ ಜಾಗದಿಂದ, ಪಕ್ಕಕ್ಕೆ ಸ್ಕೇಲ್ ಹಿಡಿದು ಫೋಟೋ ತೆಗೆಯಿರಿ. ನಾಳೆ ‘ಈ ಬಿರುಕು ಮೊದಲೇ ಇತ್ತು’ ಅನ್ನುತ್ತಾರೆ, ಬರೆದಿಟ್ಟುಕೊಳ್ಳಿ. ಗೋಡೆಯ ಹತ್ತಿರ ಮಾತ್ರ ಯಾರೂ ಕೂರಬೇಡಿ.

ಮನೆ 12 | 9:41
ಸರ್, ಸದ್ದಿನ ಬಗ್ಗೆ?

ಮನೆ 22 | 9:50
ಅದು ಸುಲಭ. ಶಬ್ದ ಮಾಲಿನ್ಯದ 2000ದ ನಿಯಮಗಳಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆಗ ಮನೆಗಳಿರುವ ಕಡೆ ಸದ್ದು ಮಾಡುವ ಕಟ್ಟಡ ಯಂತ್ರ ನಡೆಸುವ ಹಾಗೇ ಇಲ್ಲ. ಡೆಸಿಬೆಲ್ ಲೆಕ್ಕ, ಮೊಬೈಲ್ ಆ್ಯಪ್ ಎಲ್ಲ ಬೇಡ. ಗಡಿಯಾರ ಸಾಕು. ಗಂಟೆ ಬರೆದಿಟ್ಟು 112ಕ್ಕೆ ಕರೆ ಮಾಡಿ.

ಮನೆ 18 | 10:30
ಎಲ್ಲರೂ ನಮ್ಮ ಗೋಡೆ, ನಮ್ಮ ನಿದ್ದೆ ಅಂತಿದ್ದೀವಿ. ಆ ಸೈಟಿನ ತಗಡಿನ ಶೆಡ್‌ನಲ್ಲಿ ಕೂಲಿಯವರ ಎರಡು ಸಂಸಾರ ಇದೆ. ಅವರ ಮಕ್ಕಳು ಗುಂಡಿ ಅಂಚಲ್ಲೇ ಆಡುತ್ತವೆ. ಬಾಬುಸಾಬ್ ಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಕಟ್ಟುತ್ತಿದ್ದ ಕಟ್ಟಡ ಕುಸಿಯಿತಲ್ಲ, ಅಲ್ಲೂ ಸತ್ತವರು ಕೂಲಿಗೆ ಬಂದವರೇ. ನಾವು ಹೋಗಿ ಕೂಗಾಡಿದರೆ ಮೇಸ್ತ್ರಿ ಇವರ ಮೇಲೆ ರೇಗುತ್ತಾನೆ. ಮೊದಲು ಶೆಡ್ ಅಲ್ಲಿಂದ ಸರಿಸಲಿ ಅಂತ ಕೇಳಬೇಕು.

ಮನೆ 36 | 10:44
ಇದು ನನಗೆ ಹೊಳೆದೇ ಇರಲಿಲ್ಲ ಅಕ್ಕ. ಓನರ್ ನನಗೆ ಸ್ವಲ್ಪ ಪರಿಚಯ. ಭಾನುವಾರ ಕರೆದುಕೊಂಡು ಬರಲಾ? ಮೈಮೇಲೆ ಬೀಳಬಾರದು ಅಷ್ಟೇ.

ಕಾರ್ಯದರ್ಶಿ | 11:10
ಕರೆತನ್ನಿ. ಪಾಲಿಕೆಗೂ ಪತ್ರ ರೆಡಿ ಮಾಡುತ್ತಿದ್ದೇನೆ. ಬಿಬಿಎಂಪಿ ಹೋಗಿ ಐದು ಪಾಲಿಕೆ ಆದ ಮೇಲೆ ನಮ್ಮ ವಾರ್ಡ್ ಎಂಜಿನಿಯರ್ ಯಾರು ಅಂತ ವಿಚಾರಿಸಬೇಕು. ಪಾಲಿಕೆ ಸಹಾಯವಾಣಿ 1533ಕ್ಕೂ ದೂರು ಕೊಟ್ಟು ದೂರಿನ ನಂಬರ್ ಇಲ್ಲೇ ಹಾಕುತ್ತೇನೆ. ಮಂಜೂರಾದ ಪ್ಲಾನ್‌ನಲ್ಲಿ ಬೇಸ್‌ಮೆಂಟ್ ಇದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳೋಣ. 10 ರೂಪಾಯಿ ಶುಲ್ಕ, 30 ದಿನ ಗಡುವು. ಅರ್ಜಿ 150 ಪದ ದಾಟಬಾರದು, ಹಾಗಾಗಿ ನಾನೇ ಬರೆಯುತ್ತೇನೆ. 9ರವರಿಗೆ ಕೊಟ್ಟರೆ ನಾಯಿಯೂ ಬರುತ್ತದೆ.

ಮನೆ 9 | 11:12
😀 ಆಯ್ತು ಸ್ವಾಮಿ.

ಕಾರ್ಯದರ್ಶಿ | ಭಾನುವಾರ, ಮಧ್ಯಾಹ್ನ 12:35
ಬರಲಾಗದವರಿಗೆ: ಇಪ್ಪತ್ತಾರು ಮನೆಯವರು ಬಂದಿದ್ದರು. ಓನರ್ ಮೊದಲು ಬಿಗಿಯಾಗೇ ಇದ್ದರು. ‘ಎಲ್ಲಾ ಪರ್ಮಿಷನ್ ಇದೆ’ ಅಂದರು. 31ರವರು ಜಗಳ ಆಡಲಿಲ್ಲ. ಗಾಜಿನ ಪಟ್ಟಿಯ ಫೋಟೋ ತೋರಿಸಿದರು, ಶನಿವಾರ ಒಡೆದಿದೆ. ಆಮೇಲೆ ಓನರೇ ಎದ್ದು ಗುಂಡಿ ನೋಡೋಣ ಅಂದರು.

ಒಪ್ಪಿಕೊಂಡು ಸಹಿ ಹಾಕಿದ್ದು: ಇವತ್ತು ಸಂಜೆಯೊಳಗೆ ಶೆಡ್ ಅನ್ನು ಎದುರಿನ ಖಾಲಿ ಸೈಟಿಗೆ ಸರಿಸುವುದು. ನಾಳೆ ಅಂಚಿನ ಮಣ್ಣು ಸಾಗಿಸಿ, ರಸ್ತೆ ಕಡೆ ತಗಡು ಮತ್ತು ರಾತ್ರಿ ದೀಪ. ಆಧಾರ ಕೊಡುವ ತನಕ ಇನ್ನು ಅಗೆಯುವುದಿಲ್ಲ. ಗೋಡೆ ರಿಪೇರಿ ಖರ್ಚಿನ ಮಾತು ಬಗೆಹರಿಯಲಿಲ್ಲ, ಎಂಜಿನಿಯರ್ ನೋಡಿದ ಮೇಲೆ ಅಂದರು. ಪಾಲಿಕೆಗೆ ಪತ್ರ ಹೇಗಿದ್ದರೂ ನಾಳೆ ಹೋಗುತ್ತದೆ.

ಮನೆ 18 | ಸಂಜೆ 5:50
ಶೆಡ್ ಬಿಚ್ಚುತ್ತಿದ್ದಾರೆ. ಮೋಡ ಕಟ್ಟಿದೆ. ಮಳೆ ಬರುವ ಮೊದಲು ಮೇಲೆ ಹೊದಿಸಲು ಯಾರ ಮನೆಯಲ್ಲಾದರೂ ದೊಡ್ಡ ಟಾರ್ಪಾಲ್ ಇದೆಯಾ?

ಮನೆ 36 | 5:52
ನಮ್ಮಲ್ಲಿದೆ. ತರುತ್ತಿದ್ದೇನೆ, ಹಿಡಿಯಲು ಇನ್ನಿಬ್ಬರು ಬನ್ನಿ.